ಸರ್ತಾನ್ ಮತ್ತು ಮದ್ದಿನ ದಾರಿ: ನ್ಯಾನೋ ಕಣಗಳ ಕಥೆ



ಕ್ಯಾನ್ಸರ್ ರೋಗವನ್ನು ಅರಬಿ ಮತ್ತು ಉರ್ದು ಭಾಷೆಗಳಲ್ಲಿ ‘ಸರ್ತಾನ್’ ಎನ್ನುತ್ತಾರೆ. ಸರ್ತಾನ್ ಎಂದರೆ ಏಡಿ. ಗ್ರೀಕರ ‘ಕಾರ್ಕಿನೋಸ್’, ಲ್ಯಾಟಿನ್ನಿನ ‘ಕ್ಯಾನ್ಸರ್’, ನಾವು ಕೇಳಿರುವ ‘ಕರ್ಕಾಟಕ’ ಇವೆಲ್ಲದರ ಅರ್ಥವೂ ಅದೇ. ಒಂದು ಭೀಕರ ರೋಗಕ್ಕೆ ಈ ಪ್ರಾಣಿಯ ಹೆಸರು ಏಕೆ ಬಂತು? ಎರಡನೆಯ ಶತಮಾನದ ವೈದ್ಯ ಗ್ಯಾಲೆನ್ ಇದಕ್ಕೆ ಕಾರಣ ಹೇಳಿದ್ದಾನೆ. ಇವನನ್ನೇ ಅರಬರು ಜಾಲಿನೂಸ್ ಎಂದು ಕರೆದರು. ಸ್ತನದ ಗಡ್ಡೆಯ ಸುತ್ತ ಉಬ್ಬಿಕೊಂಡ ರಕ್ತನಾಳಗಳು ಏಡಿಯ ಕಾಲುಗಳಂತೆ ಚಾಚಿಕೊಂಡಿರುತ್ತವೆ, ಅದಕ್ಕೇ ಈ ಹೆಸರು ಎಂಬುದು ಅವನ ವಿವರಣೆ.

ಈ ರಕ್ತನಾಳಗಳನ್ನು ತಾವು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಏಕೆಂದರೆ ಇಪ್ಪತ್ತನೆಯ ಶತಮಾನದ ವಿಜ್ಞಾನಿಗಳು ಇದೇ ‘ಏಡಿ ಕಾಲುಗಳ’ ಮೂಲಕ ಗಡ್ಡೆಯ ಒಳಗೆ ಮದ್ದು ಕಳುಹಿಸುವ ಕನಸು ಕಂಡರು. ಆ ಕನಸು ಎಷ್ಟು ನನಸಾಯಿತು, ಎಲ್ಲಿ ಎಡವಿತು, ಅದರಿಂದ ನಾವು ಕಲಿಯಬೇಕಾದುದೇನು ಎಂಬುದೇ ಈ ಲೇಖನದ ವಿಷಯ.

ಹಳೆಯ ಹಕೀಮರ ಪ್ರಾಮಾಣಿಕತೆ

ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಔಷಧಿಯನ್ನು ಇಟ್ಟಿದ್ದಾನೆ ಎಂಬುದು ಪ್ರವಾದಿ ಮುಹಮ್ಮದ್(ಸ) ಅವರ ಬೋಧನೆ. ಈ ನಂಬಿಕೆ ಮುಸ್ಲಿಂ ವೈದ್ಯರನ್ನು ಕೈಕಟ್ಟಿ ಕೂರಲು ಬಿಡಲಿಲ್ಲ, ಹುಡುಕಾಟಕ್ಕೆ ಹಚ್ಚಿತು. ‘ಅಲ್-ಖಾನೂನ್’ ಎಂಬ ಮಹಾಗ್ರಂಥ ಬರೆದ ಇಬ್ನ್ ಸೀನಾ (980-1037) ಗಡ್ಡೆ ಚಿಕ್ಕದಿರುವಾಗಲೇ ಅದನ್ನು ಬುಡಸಮೇತ ಕತ್ತರಿಸಿ ತೆಗೆಯಬೇಕೆಂದು ಹೇಳಿದರು. ಸ್ಪೇನಿನ ಕುರ್ತುಬಾದ ಪ್ರಸಿದ್ಧ ಶಸ್ತ್ರವೈದ್ಯ ಅಬುಲ್ ಖಾಸಿಮ್ ಅಲ್-ಝಹ್ರಾವಿ ಅವರ ಅಭಿಪ್ರಾಯವೂ ಇದೇ ಆಗಿತ್ತು. ಆದರೆ ಅವರು ಇನ್ನೂ ಒಂದು ಮಾತನ್ನು ಬರೆದಿಟ್ಟರು. ಗಡ್ಡೆ ಹಳೆಯದಾಗಿ ದೊಡ್ಡದಾದ ಮೇಲೆ ತಾವು ಯಾರನ್ನೂ ಗುಣಪಡಿಸಿಲ್ಲ, ಬೇರೆಯವರು ಗುಣಪಡಿಸಿದ್ದನ್ನೂ ಕಂಡಿಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು.

ತನ್ನ ಕೈಲಾಗದ್ದನ್ನು ಕೈಲಾಗದು ಎಂದು ಹೇಳುವುದಕ್ಕೂ ಧೈರ್ಯ ಬೇಕು. ಈ ಗುಣದ ಬೆಲೆ ಏನೆಂಬುದು ಮುಂದೆ ತಮಗೆ ತಿಳಿಯುತ್ತದೆ.

ಮಾಂತ್ರಿಕ ಗುಂಡು

ಚೂರಿಯ ಬದಲು ಮದ್ದಿನಿಂದ ರೋಗದ ಮೂಲವನ್ನೇ ಹೊಡೆಯಬೇಕೆಂಬ ವಿಚಾರಕ್ಕೆ ಸ್ಪಷ್ಟ ರೂಪ ಕೊಟ್ಟವರು ಜರ್ಮನಿಯ ಪೌಲ್ ಎರ್ಲಿಕ್ (1854-1915). ಕೆಲವು ಬಣ್ಣಗಳು ರೋಗಾಣುಗಳಿಗೆ ಅಂಟುತ್ತವೆ, ಸುತ್ತಲಿನ ಅಂಗಾಂಶಕ್ಕೆ ಅಂಟುವುದಿಲ್ಲ ಎಂಬುದನ್ನು ಅವರು ಸೂಕ್ಷ್ಮದರ್ಶಕದಲ್ಲಿ ಗಮನಿಸಿದ್ದರು. ಹಾಗಾದರೆ ಶತ್ರುವನ್ನು ಮಾತ್ರ ಹುಡುಕಿ ಹೊಡೆಯುವ ಔಷಧಿ ಏಕೆ ಸಾಧ್ಯವಿಲ್ಲ? ಅಂಥ ಔಷಧಿಗೆ ಅವರು ‘ಮಾಂತ್ರಿಕ ಗುಂಡು’ ಎಂದು ಹೆಸರಿಟ್ಟರು. 1910ರಲ್ಲಿ ಬಂದ ಅವರ ‘ಸಾಲ್ವರ್ಸಾನ್’ ಸಿಫಿಲಿಸ್ ರೋಗಕ್ಕೆ ಅಂಥದೊಂದು ಗುಂಡಾಯಿತು.

ಆದರೆ ಕ್ಯಾನ್ಸರ್ ಹೊರಗಿನಿಂದ ಬಂದ ಶತ್ರುವಲ್ಲ. ಅದು ನಮ್ಮದೇ ಜೀವಕೋಶ, ಹದ್ದು ಮೀರಿ ಬೆಳೆಯತೊಡಗಿದ ಜೀವಕೋಶ. ಮನೆಮಗನೇ ಕಳ್ಳನಾದಾಗ ಕಾವಲುಗಾರ ಯಾರನ್ನು ಹಿಡಿಯಬೇಕು?

ವಿಷದಿಂದ ಬಂದ ಮದ್ದು

ಕ್ಯಾನ್ಸರಿನ ಮೊದಲ ಔಷಧಿಗಳಲ್ಲಿ ಒಂದು ಯುದ್ಧದ ವಿಷಾನಿಲದ ಸಂಬಂಧಿ ಎಂದರೆ ತಮಗೆ ಆಶ್ಚರ್ಯವಾದೀತು. 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಗುಡ್‌ಮನ್ ಮತ್ತು ಗಿಲ್‌ಮನ್ ಎಂಬ ಸಂಶೋಧಕರ ತಂಡವು ಮಸ್ಟರ್ಡ್ ಅನಿಲಕ್ಕೆ ಹತ್ತಿರದ ‘ನೈಟ್ರೋಜನ್ ಮಸ್ಟರ್ಡ್’ ಎಂಬ ರಾಸಾಯನಿಕವನ್ನು ಕ್ಯಾನ್ಸರ್ ರೋಗಿಗೆ ಕೊಟ್ಟು ನೋಡಿತು. ಗಡ್ಡೆ ಕರಗಿತು, ಆದರೆ ಮತ್ತೆ ಬಂತು. ಯುದ್ಧದ ಗುಟ್ಟಾದ ಕಾರಣ ಇದರ ವರದಿ ಹೊರಬಂದದ್ದು 1946ರಲ್ಲಿ. 1948ರಲ್ಲಿ ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಅವರು ರಕ್ತ ಕ್ಯಾನ್ಸರಿನ ಮಕ್ಕಳಲ್ಲಿ ‘ಅಮಿನಾಪ್ಟೆರಿನ್’ ಎಂಬ ಔಷಧಿಯ ತಾತ್ಕಾಲಿಕ ಯಶಸ್ಸನ್ನು ಪ್ರಕಟಿಸಿದರು. ಆ ಔಷಧಿಯನ್ನು ತಯಾರಿಸಿದ ಲೆಡರ್ಲಿ ಪ್ರಯೋಗಾಲಯದ ತಂಡದ ಮುಖ್ಯಸ್ಥರು ನಮ್ಮ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಎಂಬುದು ನಾವು ಹೆಮ್ಮೆಪಡಬೇಕಾದ ವಿಷಯ.

ಇಟಲಿಯ ಕಾಸ್ಟೆಲ್ ದೆಲ್ ಮೊಂತೆ ಎಂಬ ಹಳೆಯ ಕೋಟೆಯ ಬಳಿಯ ಮಣ್ಣಿನಲ್ಲಿ ಕೆಂಪು ಬಣ್ಣ ಸೂಸುವ ಒಂದು ಸೂಕ್ಷ್ಮಜೀವಿ ಸಿಕ್ಕಿತು. ಈ ಶೋಧನೆಯ ಮುಂದುವರಿಕೆಯಾಗಿ ಬಂದದ್ದು ‘ಡಾಕ್ಸೋರುಬಿಸಿನ್’. ಅನೇಕ ಬಗೆಯ ಕ್ಯಾನ್ಸರ್‌ಗಳಿಗೆ ಇದು ಇಂದಿಗೂ ಬಲವಾದ ಅಸ್ತ್ರ.

ಆದರೆ ನರಕ್ಕೆ ಚುಚ್ಚಿದ ಮದ್ದು ಗಡ್ಡೆಗೆ ಮಾತ್ರ ಹೋಗುವುದಿಲ್ಲ, ರಕ್ತ ಹೋದಲ್ಲೆಲ್ಲ ಹೋಗುತ್ತದೆ. ವೇಗವಾಗಿ ಬೆಳೆಯುವ ಕೂದಲಿನ ಬುಡ, ಕರುಳಿನ ಒಳಪದರ, ಮೂಳೆಯ ಮಜ್ಜೆ ಇವೆಲ್ಲಕ್ಕೂ ಪೆಟ್ಟು ಬೀಳುತ್ತದೆ. ಡಾಕ್ಸೋರುಬಿಸಿನ್ ಹೃದಯದ ಸ್ನಾಯುವನ್ನೂ ಕೆಡಿಸುತ್ತದೆ. ಆದ್ದರಿಂದ ಒಬ್ಬ ರೋಗಿಗೆ ಜೀವಮಾನದಲ್ಲಿ ಇಷ್ಟೇ ಕೊಡಬಹುದು ಎಂಬ ಮಿತಿಯನ್ನು ವೈದ್ಯರು ಹಾಕಿಕೊಂಡರು. ಮದ್ದು ಕೆಲಸ ಮಾಡುತ್ತಿದ್ದರೂ ಹೃದಯಕ್ಕೆ ಹೆದರಿ ನಿಲ್ಲಿಸಬೇಕಾದ ಸ್ಥಿತಿ ಬರುತ್ತಿತ್ತು. ಕಳೆ ಕೀಳಲು ಹೋಗಿ ಪೈರನ್ನೇ ಕಿತ್ತಂತೆ! ಕೊರತೆ ಇದ್ದದ್ದು ಮದ್ದಿನ ಶಕ್ತಿಯಲ್ಲಿ ಮಾತ್ರವಲ್ಲ, ಅದು ಹೋಗುವ ದಾರಿಯಲ್ಲಿ.

ಕೊಬ್ಬಿನ ಪುಟ್ಟ ಗುಳ್ಳೆ

ಈ ದಾರಿಯ ಪ್ರಶ್ನೆಗೆ ಉತ್ತರ ಬೇರೆಯೇ ಕಡೆಯಿಂದ ಬಂತು. 1961ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಬಾಬ್ರಹಾಮ್ ಸಂಸ್ಥೆಯಲ್ಲಿ ಅಲೆಕ್ ಬ್ಯಾಂಗ್ಹಮ್ ಅವರು ಜೀವಕೋಶದ ಪೊರೆಯಲ್ಲಿರುವ ಕೊಬ್ಬಿನಂಥ ವಸ್ತುವನ್ನು ನೀರಿನಲ್ಲಿ ಬೆರೆಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅದು ತಾನಾಗಿಯೇ ಪುಟ್ಟ ಪುಟ್ಟ ಗುಳ್ಳೆಗಳಾಗಿ ಮುಚ್ಚಿಕೊಂಡಿತ್ತು. ಇವಕ್ಕೆ ಮುಂದೆ ‘ಲಿಪೋಸೋಮ್’ ಎಂಬ ಹೆಸರು ಬಂತು. 1970ರ ದಶಕದ ಆರಂಭದಲ್ಲಿ ಗ್ರೆಗರಿ ಗ್ರೆಗೋರಿಯಾಡಿಸ್ ಮೊದಲಾದವರು ಈ ಗುಳ್ಳೆಯ ಹೊಟ್ಟೆಯೊಳಗೆ ಮದ್ದು ತುಂಬಿ ಕಳುಹಿಸಬಹುದು ಎಂದು ತೋರಿಸಿದರು.

ಇಲ್ಲಿ ಅಳತೆಯ ವಿಷಯ ಸ್ವಲ್ಪ ಹೇಳಬೇಕು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗವೇ ಒಂದು ನ್ಯಾನೋಮೀಟರ್. ನಮ್ಮ ರಕ್ತದ ಕೆಂಪುಕಣದ ಅಗಲ ಸುಮಾರು 7,000 ನ್ಯಾನೋಮೀಟರ್. ಮದ್ದು ಹೊರುವ ಗುಳ್ಳೆಗಳು ಸುಮಾರು 100 ನ್ಯಾನೋಮೀಟರ್ ಮಾತ್ರ. ಆದ್ದರಿಂದಲೇ ಇವುಗಳನ್ನು ನ್ಯಾನೋ ಕಣಗಳು ಎನ್ನುತ್ತಾರೆ.

ಮೊದಲ ಪ್ರಯೋಗಗಳು ನಿರಾಶೆ ತಂದವು. ರಕ್ತಕ್ಕೆ ಬಿಟ್ಟ ಗುಳ್ಳೆಗಳನ್ನು ಯಕೃತ್ತು ಮತ್ತು ಗುಲ್ಮದಲ್ಲಿರುವ ಕಾವಲು ಕೋಶಗಳು ಪರಕೀಯ ವಸ್ತುವೆಂದು ಬೇಗನೆ ನುಂಗಿಬಿಡುತ್ತಿದ್ದವು. ಕಾವಲುಗಾರರದು ತಪ್ಪಲ್ಲ. ರೋಗಾಣುಗಳನ್ನು ಹಿಡಿಯುವುದಕ್ಕೇ ಸೃಷ್ಟಿಕರ್ತನು ಅವುಗಳನ್ನು ಇಟ್ಟಿರುವುದು. 1990ರ ಸುಮಾರಿಗೆ ಇದಕ್ಕೊಂದು ಉಪಾಯ ದೊರೆಯಿತು. ಗುಳ್ಳೆಯ ಮೈಗೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ, ನೀರನ್ನು ಹಿಡಿದಿಡುವ ಎಳೆಗಳ ಹೊದಿಕೆ ಹಾಕಿದರೆ ಕಾವಲು ಕೋಶಗಳಿಗೆ ಅದು ಸುಲಭವಾಗಿ ಸಿಗದೆ ದಿನಗಟ್ಟಲೆ ರಕ್ತದಲ್ಲಿ ಸುತ್ತುತ್ತದೆ.

ಸೋರುವ ನಾಳಗಳ ಆಸೆ

ಸುತ್ತಿದರೆ ಸಾಲದು, ಗಡ್ಡೆಯೊಳಗೆ ಇಳಿಯಬೇಕಲ್ಲ? ಇಲ್ಲಿಯೇ ಗ್ಯಾಲೆನ್ ಕಂಡ ‘ಏಡಿ ಕಾಲುಗಳು’ ಮತ್ತೆ ಬರುತ್ತವೆ. 1986ರಲ್ಲಿ ಜಪಾನಿನ ಕುಮಾಮೊಟೊದ ವಿಜ್ಞಾನಿಗಳಾದ ಯಾಸುಹಿರೊ ಮಾತ್ಸುಮುರಾ ಮತ್ತು ಹಿರೋಶಿ ಮಾಯೆದಾ ಒಂದು ಮಹತ್ವದ ಸಂಗತಿಯನ್ನು ಪ್ರಕಟಿಸಿದರು. ಗಡ್ಡೆ ಅವಸರದಲ್ಲಿ ಬೆಳೆಯುವುದರಿಂದ ಅದರ ರಕ್ತನಾಳಗಳು ಅಡ್ಡಾದಿಡ್ಡಿಯಾಗಿ, ಸಂದುಗಳಿಂದ ಕೂಡಿರುತ್ತವೆ. ದೊಡ್ಡ ಅಣುಗಳು ಆ ಸಂದುಗಳಿಂದ ಗಡ್ಡೆಯೊಳಗೆ ಸೋರುತ್ತವೆ. ಗಡ್ಡೆಯಲ್ಲಿ ಕೊಳೆ ಹೊರಹಾಕುವ ದುಗ್ಧನಾಳಗಳ ವ್ಯವಸ್ಥೆ ಸರಿಯಿಲ್ಲದ ಕಾರಣ ಒಳಗೆ ಹೋದದ್ದು ಅಲ್ಲಿಯೇ ಉಳಿಯುತ್ತದೆ. ಆರೋಗ್ಯವಂತ ನಾಳಗಳಲ್ಲಿ ಅಂಥ ಸಂದುಗಳಿಲ್ಲ. ಹಾಗಾದರೆ ಸರಿಯಾದ ಗಾತ್ರದ ಕಣವನ್ನು ಬಿಟ್ಟರೆ ಸಾಕು, ಅದು ತಾನಾಗಿ ಗಡ್ಡೆಯಲ್ಲಿ ಸೇರಿಕೊಳ್ಳುತ್ತದೆ! ಎರ್ಲಿಕ್ ಅವರ ಮಾಂತ್ರಿಕ ಗುಂಡು ಸಿಕ್ಕೇ ಬಿಟ್ಟಿತೆಂದು ಹಲವರು ಭಾವಿಸಿದರು.

ಜೆರುಸಲೇಮಿನ ಬಾರೆನ್‌ಹೋಲ್ಜ್ ಮತ್ತು ಗಾಬಿಝೋನ್ ಎಂಬ ವಿಜ್ಞಾನಿಗಳು ಒಂದೊಂದು ಗುಳ್ಳೆಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಡಾಕ್ಸೋರುಬಿಸಿನ್ ಅಣುಗಳನ್ನು ತುಂಬುವ ವಿಧಾನವನ್ನು ಸಾಧಿಸಿದರು. ಇದರ ಫಲವಾಗಿ ‘ಡಾಕ್ಸಿಲ್’ ಎಂಬ ಔಷಧಿಗೆ 1995ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ನೀಡಿತು. ಕ್ಯಾನ್ಸರಿನ ನ್ಯಾನೋ ಔಷಧಿಗಳ ಇತಿಹಾಸದಲ್ಲಿ ಇದು ಮೈಲಿಗಲ್ಲು.

ಲೆಕ್ಕ ಹಾಕಿದಾಗ

ಓದುಗರೇ, ಈಗ ಕಥೆಯ ಮುಖ್ಯ ತಿರುವಿಗೆ ಬಂದಿದ್ದೇವೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ದೇಹದ ಬೇರೆ ಭಾಗಗಳಿಗೂ ಹರಡಿದ ಸ್ತನ ಕ್ಯಾನ್ಸರಿನ 509 ಮಹಿಳೆಯರನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಹಳೆಯ ಡಾಕ್ಸೋರುಬಿಸಿನ್, ಇನ್ನೊಂದಕ್ಕೆ ಗುಳ್ಳೆಯಲ್ಲಿ ತುಂಬಿದ ಡಾಕ್ಸೋರುಬಿಸಿನ್. ಹೊಸ ಔಷಧಿ ಪಡೆದವರಲ್ಲಿ ಹೃದಯದ ತೊಂದರೆ ಬಹಳ ಕಡಿಮೆಯಾಗಿತ್ತು. ಆದರೆ ಬದುಕಿದ ಅವಧಿ? ಹೊಸ ಗುಂಪಿನಲ್ಲಿ ಸುಮಾರು 21 ತಿಂಗಳು, ಹಳೆಯ ಗುಂಪಿನಲ್ಲಿ ಸುಮಾರು 22 ತಿಂಗಳು. ಅಂದರೆ ಹೆಚ್ಚು ಕಡಿಮೆ ಒಂದೇ. ಜೊತೆಗೆ ಒಂದು ಹೊಸ ತೊಂದರೆ ಹೆಚ್ಚಾಗಿ ಕಾಣಿಸಿತು. ದಿನಗಟ್ಟಲೆ ಸುತ್ತುವ ಗುಳ್ಳೆಗಳು ಚರ್ಮದಲ್ಲಿಯೂ ಸೇರಿಕೊಂಡು ಅಂಗೈ ಅಂಗಾಲುಗಳು ಕೆಂಪಾಗಿ ಸುಲಿಯುತ್ತಿದ್ದವು.

ಹೃದಯವನ್ನು ಉಳಿಸಿದ್ದು ಸಣ್ಣ ಸಾಧನೆಯಲ್ಲ. ಆದರೆ ಗುಂಡು ಗುರಿಯನ್ನು ಹೆಚ್ಚು ಬಲವಾಗಿ ಹೊಡೆಯಿತೆಂದು ಹೇಳುವಂತಿರಲಿಲ್ಲ.

2005ರಲ್ಲಿ ಬಂದ ‘ಅಬ್ರಾಕ್ಸೇನ್’ ಇನ್ನೊಂದು ಉದಾಹರಣೆ. ‘ಟ್ಯಾಕ್ಸಾಲ್’ ಎಂಬ ಔಷಧಿಯನ್ನು ಒಂದು ಮರದ ತೊಗಟೆಯಿಂದ ಬೇರ್ಪಡಿಸಿ ಅದರ ರಚನೆಯನ್ನು 1971ರಲ್ಲಿ ಪ್ರಕಟಿಸಿದವರಲ್ಲಿ ಮಹಾರಾಷ್ಟ್ರದ ನಂದುರ್ಬಾರ್ ಮೂಲದ ಮನ್ಸುಖ್ ವಾಣಿ ಅವರೂ ಒಬ್ಬರು. ಅದು ನೀರಿನಲ್ಲಿ ಕರಗದ ಕಾರಣ ಹರಳೆಣ್ಣೆಯಿಂದ ತಯಾರಿಸಿದ ಒಂದು ದ್ರಾವಕದಲ್ಲಿ ಕೊಡಬೇಕಾಗಿತ್ತು. ಆ ದ್ರಾವಕದಿಂದಲೇ ಕೆಲವರಿಗೆ ತೀವ್ರ ಅಲರ್ಜಿ ಆಗುತ್ತಿತ್ತು. ರಕ್ತದಲ್ಲಿ ಸಹಜವಾಗಿರುವ ಆಲ್ಬುಮಿನ್ ಎಂಬ ಪ್ರೋಟೀನಿನ ಕಣಕ್ಕೆ ಮದ್ದನ್ನು ಸೇರಿಸಿ ದ್ರಾವಕದ ಕಾಟ ತಪ್ಪಿಸಲಾಯಿತು. ಇಲ್ಲಿಯೂ ಸ್ಪಷ್ಟ ಲಾಭವೆಂದರೆ ರೋಗಿಯ ಮೈಮೇಲಿನ ಹೊರೆ ಇಳಿದದ್ದು.

2016ರಲ್ಲಿ ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದ ವಾರೆನ್ ಚಾನ್ ಮತ್ತು ಸಂಗಡಿಗರು ಹಿಂದಿನ ಹತ್ತು ವರ್ಷಗಳ ಸಂಶೋಧನಾ ಲೇಖನಗಳನ್ನು ಗುಡ್ಡೆ ಹಾಕಿಕೊಂಡು ಒಂದು ಸರಳ ಪ್ರಶ್ನೆ ಕೇಳಿದರು. ಚುಚ್ಚಿದ ನ್ಯಾನೋ ಕಣಗಳಲ್ಲಿ ಎಷ್ಟು ಪಾಲು ಗಡ್ಡೆಯನ್ನು ಮುಟ್ಟುತ್ತದೆ? ಪ್ರಾಣಿಗಳ ಮೇಲಿನ ಆ ಪ್ರಯೋಗಗಳ ಮಧ್ಯದ ಅಂಕಿ ಶೇ. 0.7. ಅಂದರೆ ಸಾವಿರ ಕಣ ಬಿಟ್ಟರೆ ಏಳು! ಈ ಲೆಕ್ಕದ ವಿಧಾನ ಸರಿಯಲ್ಲ, ಗುಳ್ಳೆಯಿಲ್ಲದ ಮದ್ದೂ ಗಡ್ಡೆಗೆ ಹೋಗುವುದು ಅಲ್ಪವೇ ಎಂದು ಕೆಲವು ವಿಜ್ಞಾನಿಗಳು ವಾದಿಸಿದರು. ವಾದ ಏನೇ ಇರಲಿ, ಸಂಭ್ರಮದ ನಡುವೆ ಯಾರೋ ಒಬ್ಬರು ಲೆಕ್ಕದ ಪುಸ್ತಕ ತೆರೆದು ಇಟ್ಟರು. ಅಮೆರಿಕದಲ್ಲಿ ಗುರಿ ಹುಡುಕುವ ನ್ಯಾನೋ ಕಣಗಳ ಮೇಲೆ ದೊಡ್ಡ ಭರವಸೆ ಹುಟ್ಟಿಸಿದ್ದ ‘ಬೈಂಡ್ ಥೆರಪ್ಯೂಟಿಕ್ಸ್’ ಎಂಬ ಕಂಪನಿ ದಿವಾಳಿಗೆ ಅರ್ಜಿ ಹಾಕಿದ್ದೂ ಅದೇ 2016ರಲ್ಲಿ.

ದಾರಿಯ ತಡೆಗಳು

ಹೀಗೇಕಾಯಿತು? ಕಾರಣಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಮೊದಲೇ ಹೇಳಿದ ಯಕೃತ್ತು ಮತ್ತು ಗುಲ್ಮದ ಕಾವಲು. ಹೊದಿಕೆ ಅದನ್ನು ತಡಮಾಡಿಸುತ್ತದೆಯೇ ಹೊರತು ತಪ್ಪಿಸುವುದಿಲ್ಲ.

ಎರಡನೆಯದು, ಕಣ ರಕ್ತಕ್ಕೆ ಬಿದ್ದ ಕೂಡಲೇ ಅದರ ಮೈಗೆ ರಕ್ತದ ಪ್ರೋಟೀನುಗಳು ಮೆತ್ತಿಕೊಳ್ಳುತ್ತವೆ. ಗಡ್ಡೆಯ ಗುರುತು ಹಿಡಿಯಲೆಂದು ಕಣದ ಮೇಲೆ ಅಂಟಿಸಿದ ‘ವಿಳಾಸ ಚೀಟಿ’ ಈ ಮೆತ್ತಿಗೆಯ ಕೆಳಗೆ ಮುಚ್ಚಿಹೋಗಬಹುದು. ವಿಳಾಸ ಅಳಿಸಿಹೋದ ಕಾಗದವನ್ನು ಅಂಚೆಯವನು ಯಾರ ಮನೆಗೆ ಕೊಟ್ಟಾನು?

ಮೂರನೆಯದು ಒತ್ತಡ. ಭಾರತದಲ್ಲಿ ಹುಟ್ಟಿ ಅಮೆರಿಕದ ಹಾರ್ವರ್ಡ್‌ನಲ್ಲಿ ಸಂಶೋಧನೆ ನಡೆಸಿದ ರಾಕೇಶ್ ಜೈನ್ ಅವರು ಗಡ್ಡೆಯ ಒಳಗಿನ ದ್ರವದ ಒತ್ತಡ ಅಸಾಮಾನ್ಯವಾಗಿ ಹೆಚ್ಚಿರುತ್ತದೆ ಎಂದು ತೋರಿಸಿದರು. ನಾಳ ಸೋರುವುದು ನಿಜ. ಆದರೆ ಸೋರಿದ ನೀರು ಹೊರಹೋಗಲು ದಾರಿಯಿಲ್ಲದೆ ಒಳಗೇ ತುಂಬಿ, ಹೊಸದಾಗಿ ಬರುವುದನ್ನು ಹಿಂದಕ್ಕೆ ತಳ್ಳುತ್ತದೆ. ಹೀಗೆ ಯಾವ ಗುಣದಿಂದ ಆಸೆ ಹುಟ್ಟಿತೋ ಅದೇ ಗುಣ ಅಡ್ಡಿಯೂ ಆಯಿತು.

ನಾಲ್ಕನೆಯದು ಇಲಿ ಮತ್ತು ಮನುಷ್ಯರ ಅಂತರ. ಪ್ರಯೋಗದ ಇಲಿಯ ತೂಕ ಸುಮಾರು 20 ಗ್ರಾಂ. ಅದರ ಮೈಯಲ್ಲಿ ಕೆಲವೇ ವಾರಗಳಲ್ಲಿ ಬೆಳೆಸಿದ ಗಡ್ಡೆ ಒಂದು ಗ್ರಾಂ ಇದ್ದರೆ, 60 ಕಿಲೋ ತೂಕದ ಮನುಷ್ಯನಿಗೆ ಅದು 3 ಕಿಲೋ ಗಡ್ಡೆಗೆ ಸಮ! ಅಷ್ಟು ವೇಗವಾಗಿ ಬೆಳೆದ ಗಡ್ಡೆಯ ನಾಳಗಳು ಸೋರುವಷ್ಟು, ವರ್ಷಗಟ್ಟಲೆ ನಿಧಾನವಾಗಿ ಬೆಳೆದ ಮನುಷ್ಯರ ಗಡ್ಡೆಯ ನಾಳಗಳು ಸೋರುವುದಿಲ್ಲ. ಮನುಷ್ಯರಲ್ಲಿಯೂ ಒಬ್ಬರಂತೆ ಇನ್ನೊಬ್ಬರದು ಇರುವುದಿಲ್ಲ.

ಐದನೆಯದು ಇತ್ತೀಚಿನ ಅರಿವು. 2020ರಲ್ಲಿ ಟೊರೊಂಟೊದ ಅದೇ ತಂಡವು, ಇಲಿಗಳ ಗಡ್ಡೆಗಳಲ್ಲಿ ಸಂದುಗಳು ಎಣಿಸಿದಷ್ಟು ಇಲ್ಲವೆಂದೂ, ಶೇ. 97ರವರೆಗೆ ಕಣಗಳು ನಾಳದ ಗೋಡೆಯ ಜೀವಕೋಶಗಳ ಒಳಗಿಂದ ಸಾಗಿಸಲ್ಪಟ್ಟು ಗಡ್ಡೆ ಸೇರುತ್ತವೆಂದೂ ವರದಿ ಮಾಡಿತು. ಮೂವತ್ತು ವರ್ಷ ಮುರಿದ ಬೇಲಿಯ ಸಂದು ಎಂದುಕೊಂಡದ್ದು ಬಹುಪಾಲು ಆಳು ನಿಂತು ತೆರೆಯುವ ಬಾಗಿಲಾಗಿತ್ತು!

ಆರನೆಯದು ತಯಾರಿಕೆಯ ಕಷ್ಟ. ಗುಳ್ಳೆಗಳೆಲ್ಲ ಒಂದೇ ಗಾತ್ರ, ಒಂದೇ ಗುಣ ಹೊಂದಿರಬೇಕು. 2011ರಲ್ಲಿ ಡಾಕ್ಸಿಲ್ ತಯಾರಿಸುತ್ತಿದ್ದ ಒಂದೇ ಕಾರ್ಖಾನೆಯಲ್ಲಿ ಕೆಲಸ ನಿಂತು ಅಮೆರಿಕದ ರೋಗಿಗಳು ಮದ್ದಿಲ್ಲದೆ ಪರದಾಡಿದರು. ಆಗ 2012ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರ ನಮ್ಮ ದೇಶದ ಸನ್ ಫಾರ್ಮಾ ಕಂಪನಿಯ ‘ಲಿಪೋಡಾಕ್ಸ್’ ಔಷಧಿಯನ್ನು ತಾತ್ಕಾಲಿಕವಾಗಿ ತರಿಸಿಕೊಳ್ಳಲು ಅನುಮತಿ ಕೊಟ್ಟಿತು. 2013ರಲ್ಲಿ ಸನ್ ಫಾರ್ಮಾದ ಜೆನೆರಿಕ್ ಔಷಧಿಗೆ ಅಲ್ಲಿ ಪೂರ್ಣ ಮಾನ್ಯತೆ ಸಿಕ್ಕಿತು.

ಸೋಲು ತೋರಿಸಿದ ದಾರಿ

ಹಾಗಾದರೆ ಈ ಶ್ರಮವೆಲ್ಲ ವ್ಯರ್ಥವೇ? ಖಂಡಿತ ಅಲ್ಲ. ಕಣಗಳು ಯಕೃತ್ತಿಗೇ ಹೋಗುತ್ತವೆ ಎಂದಾದರೆ ಯಕೃತ್ತಿನ ಮೂಲಕವೇ ಚಿಕಿತ್ಸೆ ಮಾಡೋಣ ಎಂದು ವಿಜ್ಞಾನಿಗಳು ಯೋಚಿಸಿದರು. 2018ರಲ್ಲಿ ಒಪ್ಪಿಗೆ ಪಡೆದ ‘ಪಟಿಸಿರಾನ್’ ಎಂಬ ಔಷಧಿ ಹೀಗೆಯೇ ಕೆಲಸ ಮಾಡುತ್ತದೆ. ಯಕೃತ್ತಿನಲ್ಲಿ ತಯಾರಾಗಿ ನರಗಳನ್ನು ಕೆಡಿಸುವ ಒಂದು ಪ್ರೋಟೀನನ್ನು ಅದು ತಡೆಯುತ್ತದೆ. 2017ರಲ್ಲಿ ಬಂದ ‘ವಿಕ್ಸಿಯೋಸ್’ ಒಂದೇ ಗುಳ್ಳೆಯಲ್ಲಿ ಎರಡು ಮದ್ದುಗಳನ್ನು 5ಕ್ಕೆ 1ರ ಪ್ರಮಾಣದಲ್ಲಿ ಹೊರುತ್ತದೆ. ಒಂದು ಬಗೆಯ ತೀವ್ರ ರಕ್ತ ಕ್ಯಾನ್ಸರಿನ ವಯಸ್ಸಾದ ರೋಗಿಗಳ ಬದುಕು ಅದರಿಂದ ಸುಮಾರು 6 ತಿಂಗಳಿನಿಂದ ಸುಮಾರು ಒಂಬತ್ತೂವರೆ ತಿಂಗಳಿಗೆ ಏರಿತು. ರಕ್ತ ಕ್ಯಾನ್ಸರಿನಲ್ಲಿ ಗಟ್ಟಿ ಗಡ್ಡೆಯ ಗೋಡೆ ದಾಟುವ ಕಷ್ಟವಿಲ್ಲ ಎಂಬುದನ್ನು ಗಮನಿಸಬೇಕು. ಇನ್ನು 2020ರ ಕೊನೆಯಲ್ಲಿ ಬಂದ ಕೋವಿಡ್‌ನ ಎಂ-ಆರ್‌ಎನ್‌ಎ ಲಸಿಕೆಗಳನ್ನು ದೇಹದೊಳಗೆ ಹೊತ್ತೊಯ್ದದ್ದೂ ಕೊಬ್ಬಿನ ನ್ಯಾನೋ ಕಣಗಳೇ. ಕೊಬ್ಬಿನ ಕಣಗಳೊಡನೆ ದಶಕಗಟ್ಟಲೆ ನಡೆದ ಕೆಲಸದ ಅನುಭವ ಲಕ್ಷಾಂತರ ಜನರ ಪ್ರಾಣ ಉಳಿಸಲು ನೆರವಾಯಿತು.

ನಮಗೇನು ಪಾಠ?

‘ನ್ಯಾನೋ’ ಎಂಬ ಪದ ಈಗ ಜಾಹೀರಾತುಗಳಲ್ಲಿ ಧಾರಾಳವಾಗಿ ಕಾಣಿಸುತ್ತದೆ. ಮನೆಯಲ್ಲಿ ಒಬ್ಬರಿಗೆ ಸರ್ತಾನ್ ಎಂದು ತಿಳಿದಾಗ ಆ ಕುಟುಂಬ ಯಾವ ಮಾತನ್ನಾದರೂ ನಂಬುವ ಸ್ಥಿತಿಯಲ್ಲಿರುತ್ತದೆ. ಹೊಸ ಚಿಕಿತ್ಸೆ, ಕೂದಲು ಉದುರುವುದಿಲ್ಲ, ನೋವಿಲ್ಲ ಎಂದು ಯಾರಾದರೂ ಹೇಳಿದರೆ ಒಡವೆ ಮಾರಿಯಾದರೂ ಅಲ್ಲಿಗೆ ಹೋಗುವವರಿದ್ದಾರೆ. ಅಂಥ ಹೊತ್ತಿನಲ್ಲಿ ತಾವು ಮೂರು ಪ್ರಶ್ನೆ ಕೇಳಿ. ಇದನ್ನು ಇಲಿಗಳ ಮೇಲೆ ಮಾತ್ರ ನೋಡಿದ್ದಾರೆಯೇ, ಮನುಷ್ಯರ ಮೇಲೂ ನೋಡಿದ್ದಾರೆಯೇ? ಗಡ್ಡೆ ಕುಗ್ಗಿದ್ದು ಮಾತ್ರವೇ, ಆಯುಷ್ಯವೂ ಹೆಚ್ಚಿತೇ? ಹಳೆಯ ಔಷಧಿಗಿಂತ ಇದರ ತೊಂದರೆ ಎಷ್ಟು ಕಡಿಮೆ, ಖರ್ಚು ಎಷ್ಟು ಹೆಚ್ಚು? ಈ ಪ್ರಶ್ನೆ ಕೇಳಿದರೆ ಒಳ್ಳೆಯ ವೈದ್ಯರು ಬೇಸರಿಸಿಕೊಳ್ಳುವುದಿಲ್ಲ. ಕೀಮೋಥೆರಪಿಯ ಹೆದರಿಕೆಯಿಂದ ಚಿಕಿತ್ಸೆ ಮುಂದೂಡುವುದಂತೂ ಬೇಡವೇ ಬೇಡ. ಗಡ್ಡೆ ಚಿಕ್ಕದಿರುವಾಗಲೇ ಹೋಗಬೇಕೆಂದು ಸಾವಿರ ವರ್ಷದ ಹಿಂದೆ ಇಬ್ನ್ ಸೀನಾ ಮತ್ತು ಅಲ್-ಝಹ್ರಾವಿ ಹೇಳಿದ ಮಾತು ಇಂದಿನ ಆಸ್ಪತ್ರೆಗಳಲ್ಲಿಯೂ ನಿಜವೇ.

ವಿದ್ಯಾರ್ಥಿಗಳಿಗೆ ಒಂದು ಮಾತು. ಅಲ್-ಝಹ್ರಾವಿ ತನ್ನ ಸೋಲನ್ನು ಬರೆದಿಟ್ಟರು. ಟೊರೊಂಟೊದ ತಂಡ ಸಾವಿರಕ್ಕೆ ಏಳು ಎಂಬ ಕಹಿ ಲೆಕ್ಕವನ್ನು ಬರೆದಿಟ್ಟಿತು. ವಿಜ್ಞಾನ ಮುಂದೆ ಹೋದದ್ದು ಇಂಥ ಸತ್ಯವಂತಿಕೆಯಿಂದ. ಪರೀಕ್ಷೆಯ ಅಂಕಪಟ್ಟಿಯಲ್ಲಿ ಕಡಿಮೆ ಅಂಕ ಬಂದಾಗ ಅದನ್ನು ಬಚ್ಚಿಡುವ ಹುಡುಗ ಕಲಿಯುವುದಿಲ್ಲ, ಎಲ್ಲಿ ತಪ್ಪಿದೆ ಎಂದು ತೆರೆದು ನೋಡುವವನು ಕಲಿಯುತ್ತಾನೆ. ಈ ಕಥೆಯಲ್ಲಿ ಜರ್ಮನಿಯವರಿದ್ದಾರೆ, ಜಪಾನಿನವರಿದ್ದಾರೆ, ಯಹೂದಿಗಳಿದ್ದಾರೆ, ಆಂಧ್ರ ಮಹಾರಾಷ್ಟ್ರಗಳಿಂದ ಹೋದವರಿದ್ದಾರೆ. ಗಡ್ಡೆಯ ಬಾಗಿಲು ಪೂರ್ತಿ ತೆರೆಯುವ ಕೆಲಸ ಇನ್ನೂ ಬಾಕಿ ಇದೆ. ಆ ಪಟ್ಟಿಯಲ್ಲಿ ಮುಂದೊಂದು ದಿನ ನಮ್ಮ ಶಾಲೆಗಳಲ್ಲಿ ಓದುತ್ತಿರುವ ಹುಡುಗಿಯ, ಹುಡುಗನ ಹೆಸರೂ ಸೇರಲಿ. ರೋಗದಲ್ಲಿ ಬಳಲುತ್ತಿರುವ ಎಲ್ಲರಿಗೂ ಅಲ್ಲಾಹನು ಶಿಫಾ ನೀಡಲಿ. ಆಮೀನ್.